ಒಂಬತ್ತು ಇಂಚಿನ ದಾರಿ

— ದೊಡ್ಡಪ್ಪ, ನನ್ನ ಲಿಬರೇಟರ್ ಹಾರಿತು. ಆದರೆ ತೀರಾ ಸಲೀಸಾಗಿ ಹಾರ್ತಿದೆ. ಅದೇ ನನಗೆ ಹಿಡಿಸ್ತಿಲ್ಲ.

— ಲಿಬರೇಟರ್ ಅಂದ್ರೆ ಬಿ-24? ಯುದ್ಧಕಾಲದ ಬಾಂಬರ್?

— ಅದೇ. ಸಿಂಪಲ್‌ಪ್ಲೇನ್ಸ್ ಅನ್ನೋ ಆಟದಲ್ಲಿ ಕಟ್ತಿದೀನಿ. ಒಡಲಿನ ತುಂಡುಗಳು, ರೆಕ್ಕೆ, ಎಂಜಿನ್, ಚಕ್ರ ಎಲ್ಲ ಬಿಡಿಬಿಡಿಯಾಗಿ ಇರುತ್ತೆ. ಜೋಡಿಸೋದು ನಮ್ಮ ಕೆಲಸ. ರನ್‌ವೇ ಮೇಲೆ ನಿಲ್ಲಿಸಿ ಹಾರಿಸೋದೂ ನಾವೇ. ಜೋಡಣೆ ತಪ್ಪಿದ್ರೆ ಮೇಲೇಳಲ್ಲ, ಎದ್ದರೂ ಮಗುಚಿಕೊಳ್ಳುತ್ತೆ.

— ನಿಂದು ಎದ್ದಿದೆಯಲ್ಲ, ಮತ್ತೇನು ಬೇಜಾರು?

— ರನ್‌ವೇಯ ಕಾಲುಭಾಗ ಓಡೋಷ್ಟರಲ್ಲಿ ಎದ್ದುಬಿಡುತ್ತೆ. ಫೈಟರ್ ಹಾಗೆ ಗಿರ್ರನೆ ತಿರುಗುತ್ತೆ. ಒಂದೇ ಕಡೆಯ ಎರಡು ಎಂಜಿನ್ ನಿಲ್ಲಿಸಿದ್ರೂ ಏನೂ ಆಗದ ಹಾಗೆ ನೆಟ್ಟಗೆ ಹೋಗ್ತಿರುತ್ತೆ. ನಾನು ಓದಿರೋ ಲಿಬರೇಟರ್ ಹೀಗಿರಲಿಲ್ಲ. ಹತ್ತಾರು ವಿಮಾನ ಒತ್ತಾಗಿ ಹಾರುವ ದಂಡಿನಲ್ಲಿ ಅದನ್ನ ತನ್ನ ಜಾಗದಲ್ಲಿ ಹಿಡಿದಿಟ್ಟುಕೊಳ್ಳೋದಕ್ಕೆ ಪೈಲಟ್‌ಗಳ ತೋಳು ಬಿದ್ದುಹೋಗ್ತಿತ್ತಂತೆ.

— ಕಂಟ್ರೋಲ್‌ಗಳಿಗೆ ಯಾವ ಯಂತ್ರದ ನೆರವೂ ಇರಲಿಲ್ಲ ಕಣಮ್ಮ. ಕೇಬಲ್ಲು, ರಾಟೆ, ಮನುಷ್ಯನ ರಟ್ಟೆ, ಅಷ್ಟೇ. ಸರಿ, ನಿನ್ನ ವಿಮಾನಕ್ಕೆ ತೂಕ ಎಷ್ಟಿಟ್ಟಿದೀಯ?

— ಗುಟ್ಟು ಅಲ್ಲೇ ಇದೆ. ಆಟದಲ್ಲಿ ಪ್ರತಿ ತುಂಡಿಗೂ ತೂಕ ಉಂಟು, ಆದರೆ ಬೇಕಾದ್ರೆ ಅದನ್ನ ಸೊನ್ನೆ ಮಾಡಬಹುದು. ಗಾಳಿಯ ಎಳೆತವನ್ನೂ ಸೊನ್ನೆ ಮಾಡಬಹುದು. ಹೊಟ್ಟೆಯೊಳಗೆ ಒಂದು ಗೈರೋಸ್ಕೋಪ್ ಬಚ್ಚಿಟ್ಟರೆ ಹೇಗೆ ಕಟ್ಟಿದ್ರೂ ಓಲಾಡಲ್ಲ. ಮೊದಲು ಆಕಾರ ಬರಲಿ ಅಂತ ಹಾಗೇ ಶುರುಮಾಡಿದೆ. ಮೇಲಿಂದ, ಪಕ್ಕದಿಂದ, ಎದುರಿನಿಂದ ಬಿಡಿಸಿದ ನಕ್ಷೆಗಳನ್ನ ಪರದೆಯ ಹಿಂದೆ ಇಟ್ಟುಕೊಂಡು ಅದರ ಮೇಲೇ ತುಂಡು ಜೋಡಿಸೋ ಅನುಕೂಲ ಇದೆ. ಈಗ ಗೆರೆಗೆ ಗೆರೆ ಕೂತಿದೆ. ಆ ಚೌಕಾಕಾರದ ಒಡಲು, ಬಾಲದ ಎರಡು ತುದಿಗೂ ಒಂದೊಂದು ಮೊಟ್ಟೆಯಾಕಾರದ ಫಿನ್, ಎಲ್ಲ ಬಂದಿದೆ.

— ಅಂದ್ರೆ ಹೊರಗೆರೆ ಬಂದಿದೆ. ಈಗ ಗೈರೋಸ್ಕೋಪ್ ತೆಗೆದುಹಾಕು. ಪ್ರತಿ ತುಂಡಿಗೂ ಅದರ ತೂಕ ವಾಪಸ್ ಕೊಡು. ಖಾಲಿ ಲಿಬರೇಟರ್ ಸುಮಾರು 16,500 ಕಿಲೋ. ಪೆಟ್ರೋಲು, ಜನ, ಮದ್ದುಗುಂಡು ಸೇರಿದ್ರೆ 25,000. ಯುದ್ಧದಲ್ಲಿ ಅದಕ್ಕೂ ಮೀರಿ ತುಂಬಿ ಎಬ್ಬಿಸಿದ್ದಾರೆ. ಆ ತೂಕಕ್ಕೆ ಏನಾಗುತ್ತೆ ನೋಡು.

— ಒಂದು ಸಲ ಹಾಗೆ ಮಾಡಿ ನೋಡಿದೆ. ರನ್‌ವೇಯ ಕೊನೆಯಲ್ಲಿ ಹೆಂಗೋ ಎದ್ದಿತು, ಆದರೆ ಮೂಗು ಸ್ವಲ್ಪ ಜಾಸ್ತಿ ಎತ್ತಿದ್ರೆ ಸಾಕು, ಕುಸೀತಿತ್ತು. ರೆಕ್ಕೆ ಸಾಲದು ಅನ್ನಿಸಿತು. ಅದೇ ಕಾಲದ ಇನ್ನೊಂದು ಬಾಂಬರ್ ಬಿ-17ರ ರೆಕ್ಕೆ ನೋಡಿ, ಹತ್ತಿರ ಹತ್ತಿರ 132 ಚದರ ಮೀಟರ್. ಇದರದ್ದು ಬರೀ 97. ಹೊರೋ ಹೊರೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಇಷ್ಟು ಚಿಕ್ಕ ರೆಕ್ಕೆ ಯಾಕಿಟ್ಟರು?

— ಚಿಕ್ಕದು ಅಂತ ನೀನು ಹೇಳ್ತಿರೋದು ವಿಸ್ತೀರ್ಣಕ್ಕೆ. ಉದ್ದ ಅಳೆದು ನೋಡು. ತುದಿಯಿಂದ ತುದಿಗೆ 33.5 ಮೀಟರ್. ಬಿ-17ರದ್ದು 31.6. ಇದರದ್ದು ಉದ್ದ ಜಾಸ್ತಿ, ಅಗಲ ಕಮ್ಮಿ. ಉದ್ದವನ್ನ ಅದರಿಂದಲೇ ಗುಣಿಸಿ ವಿಸ್ತೀರ್ಣದಿಂದ ಭಾಗಿಸು.

— ಹನ್ನೊಂದೂವರೆ. ಬಿ-17ಕ್ಕೆ ಏಳೂವರೆ.

— ಆ ಎರಡು ಸಂಖ್ಯೆ ನಡುವಿನ ಅಂತರವೇ ಲಿಬರೇಟರ್. ರೆಕ್ಕೆ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಮ್ಮಿ. ತುದಿಯಲ್ಲಿ ಕೆಳಗಿನ ಗಾಳಿ ಮೇಲಕ್ಕೆ ನುಸುಳಿ ಸುಳಿ ಆಗುತ್ತೆ, ಆ ಸುಳಿ ವಿಮಾನವನ್ನ ಹಿಂದಕ್ಕೆ ಎಳೆಯುತ್ತೆ. ಉದ್ದವಾದ, ಕಿರಿದಾದ ರೆಕ್ಕೆಯಲ್ಲಿ ಆ ಎಳೆತ ಕಮ್ಮಿ. ಒಂದು ಗಂಟೆಯ ಹಾರಾಟದಲ್ಲಿ ಅದು ಗೊತ್ತಾಗಲ್ಲ. ಹದಿನಾಲ್ಕು ಹದಿನೈದು ಗಂಟೆ ಸಮುದ್ರದ ಮೇಲೆ ಹಾರುವಾಗ ಗೊತ್ತಾಗುತ್ತೆ. ಅಟ್ಲಾಂಟಿಕ್ ನಡುವೆ ಯಾವ ತೀರದ ವಿಮಾನವೂ ತಲುಪಲಾಗದ ಒಂದು ಜಾಗ ಇತ್ತು. ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನ ಅಲ್ಲೇ ಬೇಟೆ ಆಡ್ತಿದ್ದವು. 1943ರಲ್ಲಿ ಆ ಜಾಗ ಮುಚ್ಚಿದ್ದರಲ್ಲಿ ಪೆಟ್ರೋಲು ಹೆಚ್ಚು ತುಂಬಿಸಿಕೊಂಡ ಲಿಬರೇಟರ್‌ಗಳ ಪಾಲು ದೊಡ್ಡದು.

— ಡೇವಿಸ್ ರೆಕ್ಕೆ ಅಂತ ಕರೀತಾರಲ್ಲ ಇದನ್ನ?

— ಹೌದು, ಡೇವಿಡ್ ಡೇವಿಸ್ ಅಂತ. ದೊಡ್ಡ ಸಂಸ್ಥೆಯ ವಿಜ್ಞಾನಿಯಲ್ಲ, ತನ್ನ ಪಾಡಿಗೆ ಕೆಲಸ ಮಾಡ್ತಿದ್ದ ಸಂಶೋಧಕ. ರೆಕ್ಕೆಯನ್ನ ಅಡ್ಡ ಕೊಯ್ದರೆ ಕಾಣುವ ಆಕಾರ ಹೇಗಿರಬೇಕು ಅಂತ ತನ್ನದೇ ಒಂದು ಸೂತ್ರ ಹಿಡಿದುಕೊಂಡು ಸ್ಯಾನ್ ಡಿಯಾಗೋದ ಕನ್ಸಾಲಿಡೇಟೆಡ್ ಕಂಪನಿಗೆ ಹೋದ. ಕಂಪನಿಯವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿಸಿದ್ರು. ಫಲಿತಾಂಶ ಎಷ್ಟು ಚೆನ್ನಾಗಿ ಬಂತು ಅಂದ್ರೆ, ಅಲ್ಲಿನವರು ತಮ್ಮ ಅಳತೆಯನ್ನೇ ಅನುಮಾನಿಸಿ ಮತ್ತೆ ಪರೀಕ್ಷೆ ಮಾಡಿದ್ರು. ಸ್ವಾರಸ್ಯ ಏನು ಗೊತ್ತಾ? ವಾಲ್ಟರ್ ವಿನ್ಸೆಂಟಿ ಅನ್ನೋ ಎಂಜಿನಿಯರು ಎಷ್ಟೋ ವರ್ಷದ ಮೇಲೆ ಈ ಪ್ರಕರಣವನ್ನೆಲ್ಲ ಬಿಡಿಸಿ ನೋಡಿ ಬರೆದ. ಡೇವಿಸನ ಸೂತ್ರಕ್ಕೆ ಗಟ್ಟಿಯಾದ ಶಾಸ್ತ್ರದ ಆಧಾರವೇ ಇರಲಿಲ್ಲ. ಆ ಆಕಾರದ ಮೇಲೆ ಗಾಳಿ ಕಲಕದೆ ಸ್ವಲ್ಪ ಹೆಚ್ಚು ದೂರ ಜಾರ್ತಿತ್ತು, ಅದು ಅವನು ಎಣಿಸಿ ಮಾಡಿದ್ದಲ್ಲ. ಕಾರಣ ಪೂರ್ತಿ ತಿಳಿಯದೇನೇ ಒಳ್ಳೇ ರೆಕ್ಕೆ ಸಿಕ್ಕಿತ್ತು. ಯುದ್ಧ ಬಾಗಿಲಿಗೆ ಬಂದಿತ್ತು, ಕಾರಣ ಹುಡುಕ್ತಾ ಕೂರೋಕೆ ಆಗ್ತಿರಲಿಲ್ಲ. ಮೊದಲ ಲಿಬರೇಟರ್ 1939ರ ಡಿಸೆಂಬರ್ 29ಕ್ಕೆ ಹಾರಿತು.

— ನನ್ನ ಆಟದಲ್ಲಿ ರೆಕ್ಕೆಯ ಅಡ್ಡಕೊಯ್ತ ಮೂರೇ ಥರ. ಎರಡು ಕಡೆಯೂ ಒಂದೇ ಉಬ್ಬು ಇರೋದು, ಮೇಲೆ ಹೆಚ್ಚು ಕೆಳಗೆ ಕಮ್ಮಿ ಉಬ್ಬಿರೋದು, ಕೆಳಗೆ ಚಪ್ಪಟೆ ಇರೋದು. ಡೇವಿಸನ ಆಕಾರ ಅದರಲ್ಲಿಲ್ಲ. ನಡುವಿನದ್ದನ್ನ ಹಾಕಿದೀನಿ.

— ಹಾಕು, ಪರವಾಗಿಲ್ಲ. ಆದರೆ ಉದ್ದ ಅಗಲದಲ್ಲಿ ಒಂದು ಅಂಗುಲವೂ ಬಿಟ್ಟುಕೊಡಬೇಡ. ಲಾಭ ಬಂದಲ್ಲಿಂದಲೇ ನಷ್ಟವೂ ಬರಬೇಕು. ಒಂದು ಚದರ ಮೀಟರ್ ರೆಕ್ಕೆ 250 ಕಿಲೋಗೂ ಮೇಲೆ ಹೊರುತ್ತೆ. ಅದಕ್ಕೇ ಮೂಗೆತ್ತಿದ್ರೆ ಕುಸಿಯೋದು. ಅದಕ್ಕೇ ತುಂಬಿದ ಲಿಬರೇಟರ್ ಬಿ-17 ಹಾರುವಷ್ಟು ಎತ್ತರದಲ್ಲಿ ದಂಡು ಕಟ್ಟಿ ಹಾರಲಾರದೆ ಕೆಳಗೇ ಉಳೀತಿತ್ತು, ಕೆಳಗಿಂದ ಬರೋ ಫಿರಂಗಿಗೆ ಹತ್ತಿರವಾಗಿ. ರೆಕ್ಕೆಗೆ ಸರಿಯಾದ ಜಾಗದಲ್ಲಿ ಪೆಟ್ಟು ಬಿದ್ರೆ ಮಡಚಿಕೊಂಡು ಹೋಗ್ತಿತ್ತು. ಹಾಗೆ ಬೀಳುವ ವಿಮಾನದ ಫೋಟೊಗಳಿವೆ, ನೋಡಕ್ಕಾಗಲ್ಲ.

— ನೋಡಿದೀನಿ ದೊಡ್ಡಪ್ಪ. ಅದನ್ನ ನೋಡಿದ ಮೇಲೇ ಗೈರೋಸ್ಕೋಪ್ ಇಟ್ಟುಕೊಂಡು ಹಾರಿಸೋದು ಮನಸ್ಸಿಗೆ ಒಪ್ಪದೆ ಹೋಯ್ತು.

— ಎಂಜಿನ್ ಏನು ಮಾಡಿದೆ?

— ಅದು ಸುಲಭ ಇತ್ತು. 1,200 ಕುದುರೆಶಕ್ತಿಯದ್ದು ನಾಲ್ಕು. ಹದಿನಾಲ್ಕು ಸಿಲಿಂಡರಿನ ಟ್ವಿನ್ ವಾಸ್ಪ್, ಡಕೋಟಾ ವಿಮಾನದಲ್ಲಿ ಇದ್ದದ್ದೂ ಅದರದ್ದೇ ಬಳಗ. ಮೇಲೆ ಹೋದ ಹಾಗೆ ಶಕ್ತಿ ಎಷ್ಟು ಇಳೀಬೇಕು ಅಂತ ಎತ್ತರಕ್ಕೆ ತಕ್ಕ ಸೂತ್ರ ಬರೆಯೋ ವ್ಯವಸ್ಥೆ ಆಟದಲ್ಲಿದೆ, ಬರೆದಿದೀನಿ. ಎಂಜಿನ್ನಿನ ಮೂತಿ ಮಾತ್ರ ದುಂಡಗಿಲ್ಲ, ಅಡ್ಡಡ್ಡ ಉಬ್ಬಿದೆ. ಯಾಕೆ ಅಂತ ಮೊದಲು ಗೊತ್ತಾಗಲಿಲ್ಲ.

— ಎರಡು ಕಡೆ ಗಾಳಿ ಎಳೆದುಕೊಳ್ಳೋ ದಾರಿ ಬೇಕಿತ್ತು. ಟರ್ಬೊಚಾರ್ಜರ್ ಗಾಳಿಯನ್ನ ಒತ್ತಿದಾಗ ಅದು ಕಾಯುತ್ತೆ, ಅದನ್ನ ತಣಿಸಬೇಕು, ಆಯಿಲನ್ನೂ ತಣಿಸಬೇಕು. ಮೂತಿ ಹಾಗೆ ಉಬ್ಬಿದ್ದು ಅದಕ್ಕೇ. ಸರಿ, ಮಧ್ಯದ ಹೊಟ್ಟೆ ತೋರಿಸು. ಬಾಂಬಿನ ಗೂಡಿನ ಬಾಗಿಲು ಹೇಗೆ ಮಾಡಿದೆ?

— ನನಗೆ ಅತಿ ಹೆಚ್ಚು ಕೆಲಸ ಕೊಟ್ಟಿದ್ದೇ ಅದು. ಬೇರೆ ಬಾಂಬರ್‌ಗಳಲ್ಲಿ ಕೆಳಕ್ಕೆ ತೆರೆಯೋ ಎರಡು ರೆಪ್ಪೆ ಬಾಗಿಲು. ಇದರಲ್ಲಿ ಅಂಗಡಿಯ ರೋಲಿಂಗ್ ಶಟರ್ ಹಾಗೆ ಪಟ್ಟಿಪಟ್ಟಿಯಾಗಿ ಒಡಲಿನ ಪಕ್ಕಕ್ಕೆ ಮೇಲಕ್ಕೆ ಸರಿಯುತ್ತೆ. ಆಟದಲ್ಲಿ ಬಗ್ಗೋ ತಗಡಿಲ್ಲ. ಒಂದೊಂದು ಪಟ್ಟಿಗೂ ಒಂದೊಂದು ತಿರುಗಣೆ ಇಟ್ಟು, ಎಲ್ಲ ಒಂದರ ಹಿಂದೆ ಒಂದು ತಿರುಗೋ ಹಾಗೆ ಮಾಡಬೇಕಾಯ್ತು. ತುಂಡುಗಳ ಸಂಖ್ಯೆ ಏರ್ತಾ ಹೋಗಿ ಫೋನಿನಲ್ಲಿ ಆಟ ತಡವರಿಸೋಕೆ ಶುರುವಾಯ್ತು. ಮಾಮೂಲಿ ಬಾಗಿಲು ಇಟ್ಟುಬಿಡೋಣ ಅಂದುಕೊಂಡೆ.

— ಇಟ್ಟು ನೋಡಬೇಕಿತ್ತು. ನೆಲದ ಮೇಲೆ ತೆರೆದು ನೋಡಬೇಕಿತ್ತು.

— ನೋಡಿದೆ! ನೆಲಕ್ಕೆ ತಗುಲಿತು. ಆಗ ಅರ್ಥ ಆಯ್ತು. ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದೆ. ಅದರಡಿ ಇಡೀ ಹೊಟ್ಟೆ ಬಾಂಬಿಗೇ ಬಿಟ್ಟಿದ್ದಾರೆ. ಹೊಟ್ಟೆ ಆಳ, ನೆಲಕ್ಕೆ ಹತ್ತಿರ. ಬಾಗಿಲು ಕೆಳಕ್ಕೆ ತೆರೆದ್ರೆ ನೆಲದ ಮೇಲೆ ಬಾಂಬು ತುಂಬೋದು ಹೇಗೆ? ಹಾರುವಾಗಲೂ ಶಟರ್ ಆದ್ರೆ ಗಾಳಿಗೆ ಅಡ್ಡ ನಿಲ್ಲಲ್ಲ, ವೇಗ ಅಷ್ಟು ತಗ್ಗಲ್ಲ. ಹೊಟ್ಟೆಯಡಿ ಇರೋ ಬಂದೂಕಿನ ಗುಂಡು ಟರೆಟ್ಟನ್ನ ಒಳಕ್ಕೆ ಎಳೆದುಕೊಳ್ಳೋ ಹಾಗೆ ಮಾಡಿದ್ದೂ ನೆಲ ಅಷ್ಟು ಹತ್ತಿರ ಅನ್ನೋ ಕಾರಣಕ್ಕೇ. ಫೋಟೊದಲ್ಲಿ ಬೇರೆ ಬೇರೆ ವಿಚಿತ್ರಗಳ ಹಾಗೆ ಕಾಣೋದೆಲ್ಲ ಒಂದೇ ತೀರ್ಮಾನದಿಂದ ಹೊರಟಿದ್ದು.

— ಇನ್ನೂ ಒಂದಿದೆ. ಗೂಡನ್ನ ರೆಕ್ಕೆಯಡಿಗೇ ಯಾಕಿಟ್ಟರು?

— ಅದೂ ಪರದೆ ಮೇಲೆ ಕಣ್ಣಿಗೆ ಕಾಣುತ್ತೆ. ತೂಕದ ಕೇಂದ್ರಕ್ಕೆ ಕೆಂಪು ಗುಂಡು, ಎತ್ತುಬಲದ ಕೇಂದ್ರಕ್ಕೆ ನೀಲಿ ಗುಂಡು ತೋರಿಸ್ತಾರೆ. ಕೆಂಪು ಯಾವಾಗಲೂ ನೀಲಿಗಿಂತ ಸ್ವಲ್ಪ ಮುಂದಿರಬೇಕು, ಹಿಂದೆ ಸರಿದ್ರೆ ವಿಮಾನ ಹಿಡಿತಕ್ಕೆ ಸಿಗಲ್ಲ. ರೆಕ್ಕೆಯೊಳಗೆ 9,000 ಲೀಟರ್ ಹತ್ತಿರ ಪೆಟ್ರೋಲು, ಅದೇ ಆರು ಟನ್ನಿಗೂ ಮೇಲಾಯ್ತು. ಅದು ಉರಿದು ಖಾಲಿ ಆದ್ರೂ, ಗೂಡಿನ ಬಾಂಬು ಒಟ್ಟಿಗೆ ಬಿದ್ದುಹೋದ್ರೂ ಕೆಂಪು ಗುಂಡು ಹೆಚ್ಚು ಕದಲಲ್ಲ. ಮುಂದಿನ ಅರ್ಧ ಗೂಡಿಗೆ ಮಾತ್ರ ತುಂಬಿ ಬೀಳಿಸಿದಾಗ ಮೂಗು ಥಟ್ಟನೆ ಮೇಲೆದ್ದಿತು.

— ಗೂಡಿನ ನಡುವೆ ಉದ್ದಕ್ಕೂ ಒಂದು ತೊಲೆ ಇರಬೇಕು, ಇಟ್ಟಿದೀಯಾ?

— ಇಲ್ಲ. ಅದು ಹೊರಗಿಂದ ಕಾಣಲ್ಲವಲ್ಲ. ತುಂಡು ಬೇರೆ ಜಾಸ್ತಿ ಆಗುತ್ತೆ.

— ಅದನ್ನ ಇಡು. ಅದು ವಿಮಾನದ ಬೆನ್ನೆಲುಬಿನ ಭಾಗ. ಅಷ್ಟೇ ಅಲ್ಲ, ಮೂಗಿನ ಕಡೆಯವರು ಬಾಲದ ಕಡೆಗೆ ಹೋಗೋದಕ್ಕೆ ಇದ್ದ ಒಂದೇ ದಾರಿ ಅದು. ಅಗಲ ಒಂಬತ್ತು ಇಂಚು. ಎರಡೂ ಪಕ್ಕದಲ್ಲಿ ನೇತುಹಾಕಿದ ಬಾಂಬುಗಳು. ಕೆಳಗೆ ಆ ತೆಳು ಶಟರ್, ಮನುಷ್ಯ ಕಾಲಿಟ್ಟರೆ ತಡೆಯೋದಲ್ಲ. ಒಳಗೆ ಹೊರಗಿನಷ್ಟೇ ಚಳಿ. ಆರು ಕಿಲೋಮೀಟರ್ ಮೇಲೆ ಹೋದ್ರೆ ಸೊನ್ನೆಗಿಂತ ಮೂವತ್ತು ನಲವತ್ತು ಡಿಗ್ರಿ ಕೆಳಗೆ. ಕರೆಂಟಿನಿಂದ ಕಾಯೋ ಉಡುಪು, ಮುಖಕ್ಕೆ ಆಮ್ಲಜನಕದ ಮುಖವಾಡ. ಬಾಂಬು ಸಿಕ್ಕಿಹಾಕಿಕೊಂಡು ಬೀಳದೆ ಹೋದ್ರೆ ಒಬ್ಬ ಆ ಹಲಗೆ ಮೇಲೆ ನಿಂತು, ಬಾಗಿಲು ತೆರೆದೇ ಇರುವಾಗ, ಕೈಯಿಂದ ಬಿಡಿಸಬೇಕಿತ್ತು. ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗರು ಕಣಮ್ಮ. ನಿನ್ನ ವಯಸ್ಸಿನವರು.

— ಆಟದಲ್ಲಿ ಆ ಹಲಗೆ ಮೇಲೆ ನಡೆಯೋರು ಯಾರೂ ಇರಲ್ಲ.

— ಇರದಿದ್ರೂ ಇಡು. ಹತ್ತು ಜನರ ತೂಕವನ್ನೂ ಅವರವರ ಜಾಗದಲ್ಲಿ ಇಡು, ಉಡುಪು ಪ್ಯಾರಾಚೂಟು ಸೇರಿಸಿ. ಬಾಲದ ಬಂದೂಕಿನವನು, ಪಕ್ಕದ ಕಿಟಕಿಯ ಇಬ್ಬರು, ಹೊಟ್ಟೆಯಡಿಯ ಗುಂಡು ಟರೆಟ್ಟಿನವನು. ಹಾರುವ ಮೊದಲು ಅವರೆಲ್ಲ ತಮ್ಮ ಜಾಗದಲ್ಲಿ ಕೂತಿದ್ರೆ ಕೆಂಪು ಗುಂಡು ಎಲ್ಲಿರುತ್ತೆ ನೋಡು. ಇದು ಮೂಗಿನಡಿ ಚಕ್ರ ಇರೋ ವಿಮಾನ. ಹಿಂದೆ ಭಾರ ಜಾಸ್ತಿ ಆದ್ರೆ ಮೂಗೆತ್ತಿ ಬಾಲದ ಮೇಲೆ ಕೂತುಬಿಡ್ತಿತ್ತು. ಅದಕ್ಕೆ ಏಳುವಾಗ ಅವರನ್ನ ಮುಂದಕ್ಕೆ ಕೂರಿಸ್ತಿದ್ರು.

— ದೊಡ್ಡಪ್ಪ, ಒಂದು ಕೇಳ್ತೀನಿ. ನೀವು ಇಷ್ಟು ವರ್ಷ ಕಾರ್ಖಾನೆಯಲ್ಲಿ ತಗಡಿನ ಕೆಲಸ ಮಾಡಿದವರು. ನಾನು ಇಲ್ಲಿ ಬೆರಳಲ್ಲಿ ತುಂಡು ಎಳೆದು ಅಂಟಿಸ್ತೀನಿ. ಇದನ್ನ ಕಟ್ಟೋದು ಅನ್ನಬಹುದಾ?

— ಅನ್ನಬಹುದು, ಅರ್ಧ ಭಾಗಕ್ಕೆ. ಯಾವುದು ಎಲ್ಲಿ, ಯಾಕೆ ಅನ್ನೋ ಅರ್ಧ ನಿನ್ನ ಕೈಯಲ್ಲಿದೆ, ಅದು ನಮಗೆ ಡ್ರಾಯಿಂಗ್ ಆಫೀಸಿನಿಂದ ತೀರ್ಮಾನ ಆಗಿಯೇ ಬರ್ತಿತ್ತು. ಇನ್ನರ್ಧ ತಗಡಿಗೆ ತಗಡು ಹಿಡಿಸೋದು, ಅದು ನಿನಗೆ ಗೊತ್ತಾಗಲ್ಲ. ಒಂದು ರಿವೆಟ್‌ಗೆ ಇಬ್ಬರು ಬೇಕು. ಹೊರಗೊಬ್ಬ ಗನ್ ಹಿಡಿದು ಬಡೀತಾನೆ, ಒಳಗೊಬ್ಬ ಕಬ್ಬಿಣದ ಗಟ್ಟಿ ಒತ್ತಿ ಹಿಡಿದಿರ್ತಾನೆ. ಒಬ್ಬರಿಗೊಬ್ಬರು ಕಾಣಲ್ಲ. ಕೈಗೆ ಬರೋ ಅದುರುವಿಕೆಯಿಂದಲೇ ಆಚೆಯವನ ಕೈ ಸರಿ ಇದೆಯೋ ಇಲ್ಲವೋ ಗೊತ್ತಾಗಬೇಕು. ಒಂದು ಲಿಬರೇಟರ್‌ಗೆ ಅಂಥ ರಿವೆಟ್ಟು ಮೂರು ಲಕ್ಷಕ್ಕೂ ಹೆಚ್ಚು.

— ಫೋರ್ಡ್‌ನವರು ಗಂಟೆಗೊಂದು ವಿಮಾನ ಮಾಡ್ತಿದ್ರಂತಲ್ಲ?

— ಮಿಶಿಗನ್ನಿನ ವಿಲೋ ರನ್ ಕಾರ್ಖಾನೆ. ಕಾರು ಕಟ್ಟೋ ಸಾಲನ್ನೇ ವಿಮಾನಕ್ಕೆ ತಂದ್ರು. ಶುರುವಿನಲ್ಲಿ ತುಂಬಾ ಒದ್ದಾಡಿದ್ರು, 1944ರ ಹೊತ್ತಿಗೆ ಹೆಚ್ಚುಕಮ್ಮಿ ಗಂಟೆಗೊಂದು. ಅಲ್ಲೊಂದರಲ್ಲೇ 8,685. ಎಲ್ಲ ಕಾರ್ಖಾನೆ ಸೇರಿ 18,000 ದಾಟಿತು. ರಿವೆಟ್ ಬಡಿದವರಲ್ಲಿ ಹೆಂಗಸರು ಎಷ್ಟೋ ಜನ. ಮುಂದಕ್ಕೆ ಹೋಗೋಣ, ಮೂಗು ಯಾವುದು ಹಾಕಿದೆ? ಗಾಜಿನದ್ದೋ ಟರೆಟ್ಟೋ?

— ಮೊದಲು ಡಿ ಮಾದರಿಯ ಗಾಜಿನ ಮೂಗು. ಆಮೇಲೆ ಜೆ ಮಾದರಿ ಮಾಡೋಣ ಅಂತ ಟರೆಟ್ ಹಾಕಿದೆ. ಶತ್ರುಗಳ ಫೈಟರ್ ನೇರ ಎದುರಿನಿಂದಲೇ ಬರ್ತಿದ್ವು, ಅದಕ್ಕೆ ಮೂಗಿಗೇ ಜೋಡಿ ಬಂದೂಕಿನ ಟರೆಟ್ ತಂದ್ರು ಅಂತ ಓದಿದ್ದೆ. ಹಾಕಿದ ತಕ್ಷಣ ವಿಮಾನ ನೇರ ಹೋಗೋದನ್ನ ಬಿಟ್ಟು ಎಡಕ್ಕೆ ಬಲಕ್ಕೆ ತೂಗಾಡೋಕೆ ಶುರು. ಫಿನ್ ದೊಡ್ಡದು ಮಾಡಿದ್ರೆ ನಿಲ್ಲುತ್ತೆ, ಆದರೆ ನಕ್ಷೆಯ ಗೆರೆ ದಾಟುತ್ತೆ.

— ದಾಟಬೇಡ. ಆ ತೂಗಾಟ ಅವರನ್ನೂ ಕಾಡಿದೆ. ಮುಂದೆ ಗಾತ್ರ ಬೆಳೆದ್ರೆ ಹಿಂದಿನ ಫಿನ್‌ಗಳಿಗೆ ಅದನ್ನ ನೆಟ್ಟಗಿಡೋದು ಕಷ್ಟ. ಕೊನೆಗೆ ಫೋರ್ಡ್ ಕಾರ್ಖಾನೆಯಲ್ಲಿ ಎರಡು ಫಿನ್ ತೆಗೆದು ಒಂದೇ ಎತ್ತರದ ಫಿನ್ ಹಾಕಿ ಹಾರಿಸಿ ನೋಡಿದ್ರು. ಎಷ್ಟೋ ಮೇಲಾಯ್ತು. ಅಮೆರಿಕದ ನೌಕಾಪಡೆಯ ಪ್ರೈವೆಟೀರ್ ವಿಮಾನಕ್ಕೆ ಅದೇ ಬಂತು. ಅಷ್ಟರಲ್ಲಿ ಜೋಡಿ ಫಿನ್ನಿನ ವಿಮಾನ ಸಾವಿರಾರು ಹೊರಬಿದ್ದಾಗಿತ್ತು. ಸಾಲನ್ನ ನಿಲ್ಲಿಸಿ ಬದಲಾಯಿಸೋ ಹಾಗಿರಲಿಲ್ಲ. ನಿನ್ನ ಜೆ ಮಾದರಿ ತೂಗಾಡಲಿ ಬಿಡು. ಕಾಲಿನಲ್ಲಿ ರಡ್ಡರ್ ಒತ್ತಿ ಹಿಡಿದೇ ಹಾರಿಸು.

— ಈಗ ನನ್ನನ್ನ ತಡೆದು ನಿಲ್ಲಿಸಿರೋ ಪ್ರಶ್ನೆಗೆ ಬರ್ತೀನಿ. ಬಾಂಬು. ಆಟದಲ್ಲಿ ಬಾಂಬು ತಯಾರೇ ಸಿಗುತ್ತೆ. ಗುಂಡಿ ಒತ್ತಿದ್ರೆ ಬೀಳುತ್ತೆ, ಸಿಡಿಯುತ್ತೆ. ಕೆಳಗಿನ ದ್ವೀಪದಲ್ಲಿ ಜನರೇ ಇಲ್ಲ. ನಾನು ಬಾಂಬಿನ ಬದಲು ಬರೀ ಭಾರದ ತುಂಡು ನೇತುಹಾಕಿದೀನಿ. ಬಿದ್ರೆ ತೂಕ ಇಳಿಯುತ್ತೆ, ಸಿಡಿಯಲ್ಲ. ಯಂತ್ರದ ಲೆಕ್ಕ ಅರ್ಥ ಆಗೋಕೆ ಅಷ್ಟು ಸಾಕು.

— ನನಗೆ ಅದು ಸರಿ ಅನ್ನಿಸಲ್ಲ.

— ಯಾಕೆ? ಸ್ಫೋಟ ನೋಡಿ ಖುಷಿಪಡಬೇಕಾ?

— ಖುಷಿಯ ಮಾತಲ್ಲ. ನೀನೇ ಈಗ ಹೇಳಿದೆ, ಆಳದ ಹೊಟ್ಟೆ, ಎತ್ತರದ ರೆಕ್ಕೆ, ಶಟರ್, ಎಲ್ಲ ಒಂದೇ ತೀರ್ಮಾನದಿಂದ ಬಂತು ಅಂತ. ಆ ತೀರ್ಮಾನ ಏನು? ದೂರದ ಊರಿನ ಮೇಲೆ ನಾಲ್ಕು ಟನ್ ಹತ್ತಿರ ಮದ್ದು ಸುರೀಬೇಕು ಅನ್ನೋದು. ಅದನ್ನ ಬರೀ ಭಾರ ಅಂತ ಕರೆದ್ರೆ ವಿಮಾನ ಯಾಕೆ ಹುಟ್ಟಿತು ಅನ್ನೋದನ್ನೇ ಮರೆಮಾಡಿದ ಹಾಗಲ್ವಾ? 1943ರ ಆಗಸ್ಟ್ 1ಕ್ಕೆ ಲಿಬ್ಯಾದ ಬೆಂಗಾಜಿ ಸುತ್ತಮುತ್ತಲಿನಿಂದ 170ಕ್ಕೂ ಹೆಚ್ಚು ಲಿಬರೇಟರ್ ರುಮೇನಿಯಾದ ಪ್ಲೊಯೆಸ್ಟಿಗೆ ಹೋದವು, ತೈಲ ಶುದ್ಧಿ ಕಾರ್ಖಾನೆಗಳ ಮೇಲೆ. ಮರದ ಎತ್ತರದಲ್ಲಿ ಹಾರಿದ್ರು. 50ಕ್ಕೂ ಹೆಚ್ಚು ವಿಮಾನ ಕಳೆದುಹೋದವು, 300ಕ್ಕೂ ಹೆಚ್ಚು ಹುಡುಗರು ಸತ್ತರು. ಕೆಳಗೂ ಸತ್ತರು.

— ಅದಕ್ಕೇ ದೊಡ್ಡಪ್ಪ ನಾನು ಬೇಡ ಅನ್ನೋದು. ಬರ್ಮಾ–ಸಯಾಮ್ ರೈಲುದಾರಿಯ ಕತೆ ಓದಿದೀನಿ. ಜಪಾನಿನವರು ಯುದ್ಧಕೈದಿಗಳ ಕೈಲಿ, ಮಲಯಾದ ರಬ್ಬರ್ ತೋಟಗಳ ತಮಿಳು ಕೂಲಿಗಳ ಕೈಲಿ ಕಟ್ಟಿಸಿದ ದಾರಿ. ಅದನ್ನ ಮುರಿಯೋಕೆ ಭಾರತದ ನೆಲೆಗಳಿಂದ ಲಿಬರೇಟರ್‌ಗಳು ಹೋದವು. ಆ ದಾರಿಯ ತಾಮರ್ಕನ್ ಸೇತುವೆಯ ಮಗ್ಗುಲಲ್ಲೇ ಕೈದಿಗಳ ಶಿಬಿರ ಇತ್ತು. 1944ರ ನವೆಂಬರಿನಲ್ಲಿ ಬಾಂಬು ಶಿಬಿರದ ಮೇಲೂ ಬಿತ್ತು. ಸೇತುವೆ ಕಟ್ಟೋಕೆ ಬಡಿದಾಡಿ ಹೇಗೋ ಬದುಕುಳಿದವರು ತಮ್ಮ ಕಡೆಯ ಬಾಂಬಿಗೇ ಸತ್ತರು. ಅದನ್ನ ತಿಳಿದ ಮೇಲೆ ಖಾಲಿ ದ್ವೀಪದ ಮೇಲೆ ಢಂ ಅನ್ನಿಸಿದ್ರೆ ನನಗೆ ಅದು ಸುಳ್ಳು ಅನ್ನಿಸುತ್ತೆ. ನಿಜವಾದ ಬಾಂಬಿನ ಕೆಳಗೆ ಜನ ಇದ್ರು. ಅವರನ್ನ ತೋರಿಸಲಾಗದ ಕಡೆ ಸ್ಫೋಟವನ್ನೂ ತೋರಿಸಬಾರದು.

— ನೀನು ಹೇಳೋದರಲ್ಲಿ ತೂಕ ಇದೆ. ಆದರೂ ನನ್ನ ಮನಸ್ಸು ಪೂರ್ತಿ ಒಪ್ತಿಲ್ಲ. ಗೂಡಿನಲ್ಲಿ ಬಾಂಬಿನ ಆಕಾರವಾದರೂ ಇರಲಿ. ನೋಡಿದವರಿಗೆ ಇದು ಯಾತಕ್ಕೆ ಕಟ್ಟಿದ ಯಂತ್ರ ಅಂತ ಗೊತ್ತಾಗಬೇಕು.

— ಆಕಾರ ಇಡ್ತೀನಿ. ಸಿಡಿಸಲ್ಲ.

— ಆಯ್ತು. ಈ ಭಾರತದ ನೆಲೆ ಅಂದೆಯಲ್ಲ, ಅದರಲ್ಲೊಂದು ನಮ್ಮ ಕೋಲಾರ ಅಂತ ಗೊತ್ತಾ?

— ಕೋಲಾರವಾ?

— 1944ರಲ್ಲಿ ಬ್ರಿಟಿಷ್ ವಾಯುಪಡೆ ಅಲ್ಲಿ ಲಿಬರೇಟರ್ ಹಾರಿಸೋದನ್ನ ಕಲಿಸೋ ಘಟಕ ಇಟ್ಟಿತ್ತು. ಸಣ್ಣ ವಿಮಾನ ಹಾರಿಸಿ ಬಂದವರನ್ನ ಈ ನಾಲ್ಕು ಎಂಜಿನ್ನಿಗೆ ಪಳಗಿಸೋ ಜಾಗ. ಆ ವರ್ಷದ ನವೆಂಬರಿನಲ್ಲಿ 358ನೇ ಸ್ಕ್ವಾಡ್ರನ್ ಹುಟ್ಟಿದ್ದೂ ಕೋಲಾರದಲ್ಲೇ. ಈ ರೆಕ್ಕೆಯ ಹಟ, ಈ ತೂಗಾಟ ಎಲ್ಲ ಕೋಲಾರದ ಬಯಲ ಮೇಲೆ ಕಲಿತಿದ್ದಾರೆ. ಇನ್ನು ಬೆಂಗಳೂರಿನ ಕತೆ ಬೇರೆಯೇ. ನೀನು ತುಂಡು ಜೋಡಿಸಿ ಲಿಬರೇಟರ್ ಮಾಡ್ತಿದೀಯಲ್ಲ, ಅದನ್ನ ನಿಜವಾಗಿ ಮಾಡಿದ ಊರು ಇದು.

— ನಿಮ್ಮ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿ? ನೀವಿದ್ದಾಗಲಾ?

— ನಾನು ಸೇರೋ ಹೊತ್ತಿಗೆ ಅದೆಲ್ಲ ಮುಗಿದಿತ್ತು. ಯುದ್ಧ ನಿಂತಾಗ ಕಾನ್ಪುರದಲ್ಲಿ ಸುಮಾರು ನೂರು ಲಿಬರೇಟರ್ ನಿಂತಿದ್ದವು. ಅಮೆರಿಕ ಬ್ರಿಟನ್ನಿಗೆ ಲೆಂಡ್–ಲೀಸ್ ಒಪ್ಪಂದದಲ್ಲಿ ಕೊಟ್ಟಿದ್ದವು. ಯುದ್ಧ ಮುಗಿದ ಮೇಲೆ ಅವನ್ನ ಯಾರೂ ಬಳಸಬಾರದು, ಹಾಗಾಗಿ ಕೆಡಿಸಿಟ್ಟು ಹೋದ್ರು. ಒಡಲಿಗೆ ಗುದ್ದಿ ತೂತು ಮಾಡಿದ್ದು, ಉಪಕರಣ ಒಡೆದದ್ದು, ಎಂಜಿನ್ನಿಗೆ ಮರಳು ಸುರಿದದ್ದು. ನೋಡಿದವರು ಗುಜರಿ ಅಂದುಕೊಳ್ಳಲಿ ಅಂತಲೇ ಮಾಡಿದ್ದು. ಹೊಸದಾಗಿ ಸ್ವತಂತ್ರವಾದ ದೇಶ, ಕೈಯಲ್ಲಿ ಒಂದು ಭಾರೀ ಬಾಂಬರ್ ಇಲ್ಲ, ಕೊಳ್ಳೋಕೆ ದುಡ್ಡಿಲ್ಲ. ಎಚ್‌ಎಎಲ್‌ನವರು ಆ ರಾಶಿಯ ಮುಂದೆ ಹೋಗಿ ನಿಂತ್ರು. ಒಂದರ ಎಂಜಿನ್, ಇನ್ನೊಂದರ ಚಕ್ರ, ಮತ್ತೊಂದರ ಬಾಲ. ಒಂದು ಹಾರಾಟ ತಡೆಯೋಷ್ಟು ಮಾತ್ರ ಸರಿಮಾಡೋದು, ಬೆಂಗಳೂರಿಗೆ ತರೋದು, ಇಲ್ಲಿ ಪೂರ್ತಿ ಬಿಚ್ಚಿ ಹೊಸದು ಮಾಡೋದು.

— ಒಂದೇ ಹಾರಾಟಕ್ಕೆ ಸಾಕಾಗೋಷ್ಟು! ಯಾರು ಹಾರಿಸಿದ್ರು?

— ಜಮ್‌ಶೇದ್ ಮುನ್ಶಿ ಅಂತ, ಎಚ್‌ಎಎಲ್‌ನ ಪರೀಕ್ಷಾ ಪೈಲಟ್. ನಲವತ್ತೆರಡು ವಿಮಾನವನ್ನ ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿ ತಂದರು. ಒಂದಾದ ಮೇಲೊಂದು. ನೀನು ಈಗ ಅದರ ಸ್ವಭಾವ ಬಲ್ಲೆ. ಯಾವ ತಗಡು ಎಲ್ಲಿ ಬಿರುಕು ಬಿಟ್ಟಿದೆ ಅಂತ ಪೂರ್ತಿ ತಿಳಿಯದೆ ಆ ರೆಕ್ಕೆ ಕೆಳಗೆ ಕೂತು ಅರ್ಧ ದೇಶ ದಾಟೋದು ಅಂದ್ರೆ ಏನು ಅಂತ ಯೋಚಿಸು. ಅವರ ಹೆಸರಿನ ಒಂದು ರಸ್ತೆ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತೆ. 1948ರ ನವೆಂಬರಿನಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ಶುರುವಾಯ್ತು. ಆಮೇಲೆ 6ನೇ ಸ್ಕ್ವಾಡ್ರನ್ ಇವನ್ನೇ ಇಟ್ಟುಕೊಂಡು ಸಮುದ್ರದ ಕಾವಲು ಮಾಡಿತು. 1968ರ ಕೊನೆವರೆಗೂ ಹಾರಿದವು.

— 1968! ಬೇರೆ ದೇಶಗಳಲ್ಲಿ ಆಗ ಉಳಿದಿದ್ದವಾ?

— ಸಾವಿರಗಟ್ಟಲೆ ಕಟ್ಟಿದ ಅಮೆರಿಕವೇ ಯುದ್ಧ ಮುಗಿದ ಮೇಲೆ ಕರಗಿಸಿ ಅಲ್ಯೂಮಿನಿಯಂ ಮಾಡಿಬಿಟ್ಟಿತ್ತು. ತಮ್ಮ ವಸ್ತುಸಂಗ್ರಹಾಲಯಕ್ಕೆ ಒಂದು ಲಿಬರೇಟರ್ ಬೇಕು ಅಂದಾಗ ಕೆನಡಾ, ಬ್ರಿಟನ್, ಅಮೆರಿಕದವರು ಭಾರತವನ್ನ ಕೇಳಿದ್ರು. ಇವತ್ತು ಆ ದೇಶಗಳಲ್ಲಿ ನಿಂತಿರೋ ಹಲವು ಲಿಬರೇಟರ್ ಇಲ್ಲಿಂದ ಹೋದವು. ದೆಹಲಿಯ ಪಾಲಂನಲ್ಲಿ ನಮ್ಮ ವಾಯುಪಡೆಯ ಸಂಗ್ರಹಾಲಯದಲ್ಲೂ ಒಂದಿದೆ.

— ಹಾಗಾದ್ರೆ ನಾನು ಯಾವುದೋ ಒಂದು ಜೆ ಮಾದರಿ ಅಂತ ಕಟ್ಟೋದಕ್ಕಿಂತ, ಇಲ್ಲಿಂದ ಹೋದ ಒಂದೇ ಒಂದು ವಿಮಾನವನ್ನ ಕಟ್ಟಬೇಕು.

— ಎಚ್‌ಇ807 ಕಟ್ಟು. ವಿಲೋ ರನ್‌ನಲ್ಲಿ ಫೋರ್ಡ್ ಮಾಡಿದ ಎಲ್ ಮಾದರಿ. ಬ್ರಿಟಿಷರ ಕೈಯಲ್ಲಿ ಕೆಎನ್751 ಅಂತ ಹೆಸರಿತ್ತು. 1945ರಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪದಲ್ಲಿ 99ನೇ ಸ್ಕ್ವಾಡ್ರನ್ನಿನಲ್ಲಿತ್ತು. ಆಮೇಲೆ ನಮ್ಮ 6ನೇ ಸ್ಕ್ವಾಡ್ರನ್ನಿನದ್ದಾಯ್ತು. 1974ರಲ್ಲಿ ಭಾರತ ಅದನ್ನ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂಗೆ ಕೊಟ್ಟಿತು. ಅಲ್ಲಿ ಅದಕ್ಕೆ 1945ರ ಬಣ್ಣ ಬಳಿದು, ಹಳೇ ಹೆಸರಲ್ಲೇ ನಿಲ್ಲಿಸಿದ್ದಾರೆ.

— ಅಂದ್ರೆ ಕೆಲವು ತಿಂಗಳ ಯುದ್ಧದ ಬಣ್ಣ ಉಳೀತು, ಇಪ್ಪತ್ತು ವರ್ಷದ ಕಾವಲಿನ ಬಣ್ಣ ಹೋಯ್ತು. ನಾನು ಎಚ್‌ಇ807 ಅಂತಲೇ ಬರೀತೀನಿ, ಪಕ್ಕದಲ್ಲಿ ನಮ್ಮ ವಾಯುಪಡೆಯ ಕೇಸರಿ, ಬಿಳಿ, ಹಸಿರಿನ ವೃತ್ತ.

— ಬರಿ. ಹಾಗಾದ್ರೆ ಬಾಂಬಿನ ಜಗಳವೂ ಅರ್ಧ ಬಗೆಹರಿಯಿತು. ಸಮುದ್ರ ಕಾಯೋ ವಿಮಾನದ ಗೂಡಿನಲ್ಲಿ ಏನಿರಬೇಕು ಅಂತ ಬೇರೆ ಲೆಕ್ಕ ಹಾಕಬೇಕು, ತೂಕವೂ ಬದಲಾಗುತ್ತೆ.

— ಬಂದೂಕುಗಳು?

— ಕಾವಲಿನ ಕಾಲದ ಫೋಟೊಗಳನ್ನ ಹುಡುಕಿ, ಒಂದೊಂದಾಗಿ ನೋಡಿ ತೀರ್ಮಾನ ಮಾಡು. ಊಹೆ ಮೇಲೆ ಇಡಬೇಡ, ಊಹೆ ಮೇಲೆ ತೆಗೆಯಲೂ ಬೇಡ.

— ಹಲಗೆಯ ಅಗಲ ಆಟದ ಅಳತೆಯಲ್ಲಿ 0.23 ಮೀಟರ್ ಬರುತ್ತೆ. ಒಡಲಿನ ತುಂಡನ್ನ ಅಷ್ಟು ಕಿರಿದು ಮಾಡಬಹುದು. ಆದರೆ ಅದನ್ನ ಹಿಂದಿನ ಗೋಡೆಗೆ ಹಿಡಿಸೋದು ಎಲ್ಲಿ ಅಂತ ನಕ್ಷೆಯಲ್ಲಿ ಸ್ಪಷ್ಟ ಇಲ್ಲ.

— ಲ್ಯಾಪ್‌ಟಾಪ್ ಈ ಕಡೆ ತಿರುಗಿಸು. ಗೂಡಿನ ಹಿಂದಿನ ಬಲ್ಕ್‌ಹೆಡ್ ಎಲ್ಲಿ ಬರುತ್ತೆ ಅಂತ ಮೊದಲು ಗುರುತು ಮಾಡೋಣ.